ಹೊಳೆವ್ವನಿಗೆ ಹೊಸ್ತಿಲಲ್ಲೇ ತುಂಬಿದ ಉಡಿ

ಬಾ ಕೂಸೇ, ಆ ಹೊಂಡದೊಳಗೆ ಕಾಲಿಡಬೇಡ. ಇಲ್ಲಿ ನನ್ನ ಮಗ್ಗುಲಿಗೆ ಬಂದು ಕೂತುಕೋ. ಹೊಳೆ ಇಳಿದ ಮೇಲೆ ಹಿಂದೆ ಉಳಿದ ನೀರು ಅದು. ನೋಡಲು ತಿಳಿಯಾಗಿದೆ, ಹೌದು. ಜೊಂಡಿನ ಮೇಲೆ ಬಸವನಹುಳುಗಳು ಕೂತಿವೆ, ಅದೂ ಚಂದವೇ. ಮೊದಲು ನನ್ನ ಕಥೆ ಕೇಳು. ಕೇಳಿದ ಮೇಲೂ ಇಳಿಯಬೇಕು ಅನ್ನಿಸಿದರೆ ಆಗ ಮಾತಾಡೋಣ.

ಆಗ ಲೋಕದ ಮಣ್ಣು ಇನ್ನೂ ಹಸಿಯಾಗಿತ್ತು. ಬೆಟ್ಟಗಳಿಗೆ ಆಗತಾನೇ ಹೆಸರಿಟ್ಟಿದ್ದರು. ಹೊಳೆಗೂ ಬಾಯಿತ್ತು, ಗಾಳಿಗೂ ಬಾಯಿತ್ತು, ಎತ್ತಿಗೂ ಬಾಯಿತ್ತು.

ದಂಡೆಯ ಊರಿನವರು ಹೊಳೆಯನ್ನು ಊರ ಮಗಳು ಅನ್ನುತ್ತಿದ್ದರು, ಹೊಳೆವ್ವ ಅಂತ ಕರೆಯುತ್ತಿದ್ದರು. ವರ್ಷವೆಲ್ಲ ಅವಳು ತನ್ನ ದಾರಿ ಹಿಡಿದು ಹೋಗುವಳು. ಮಳೆಗಾಲ ಬಂತೆಂದರೆ ಅವಳ ಅಣ್ಣ ಗಾಳಿರಾಯ ಹೋಗಿ ತವರಿಗೆ ಕರೆದು ತರುವನು. ತವರಿಗೆ ಬಂದ ಮಗಳು ಸುಮ್ಮನೆ ಕೂರುತ್ತಾಳೆಯೇ? ಹೊಲ ಗುಡಿಸುವಳು, ಹೊಂಡ ಗುಡಿಸುವಳು, ಮೂಲೆ ಮೂಲೆ ಗುಡಿಸುವಳು. ಕೊಳೆತದ್ದನ್ನೆಲ್ಲ ಬಾಚಿಕೊಂಡು, ಹೊಲಕ್ಕೆ ಹೊಸ ಮಣ್ಣು ಹಾಸಿ, ಹೊರಟು ನಿಲ್ಲುವಳು.

ಆಗ ಹೆಂಗಸರು ಅವಳಿಗೆ ಉಡಿ ತುಂಬುವರು. ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಬೇರು. ಉಡಿ ತುಂಬಿದರೆ ಕಳಿಸಿಕೊಟ್ಟ ಹಾಗೆ. ತುಂಬಿಸಿಕೊಂಡ ಮಗಳು ತಿರುಗಿ ಒಳಗೆ ಬರಬಾರದು. ಉಡಿ ಬೇಡ ಅನ್ನಲೂಬಾರದು. ನಮ್ಮಲ್ಲಿ ಇಂದಿಗೂ ಹಾಗೇ ಅಲ್ಲವೇ?

ಎಲ್ಲ ಸರಿಯಿತ್ತು ಅನ್ನಬೇಡ. ಗುಡಿಸುವಾಗ ಹೊಳೆವ್ವ ಕಸ ಯಾವುದು, ಕೂಸು ಯಾವುದು ಅಂತ ನೋಡುತ್ತಿರಲಿಲ್ಲ.

ಆ ಊರಲ್ಲಿ ಮಾಳವ್ವ ಅಂತ ಒಬ್ಬಳಿದ್ದಳು. ಅವಳ ಗಂಡ ಲಗಮಪ್ಪ. ಕೆಂದ, ಬೂದ ಅಂತ ಒಂದು ಜೋಡಿ ಎತ್ತು. ಅವರ ಮನೆ ಎಲ್ಲರ ಮನೆಗಿಂತ ತಗ್ಗಿನಲ್ಲಿತ್ತು. ಒಂದು ಮಳೆಗಾಲ ಹೊಳೆವ್ವ ಬಂದು ಹೋದಾಗ ಮಾಳವ್ವನ ತೊಟ್ಟಿಲೂ ಹೋಯಿತು, ತೊಟ್ಟಿಲಲ್ಲಿದ್ದ ಕೂಸೂ ಹೋಯಿತು.

ಅವಳು ಅಳಲಿಲ್ಲ. ಮುಂದಿನ ಮಳೆಗಾಲ ಗಾಳಿರಾಯ ತಂಗಿಯನ್ನು ಕರೆದುಕೊಂಡು ಬರುತ್ತಿರುವಾಗ, ಯಾರಿಗೂ ಹೇಳದೆ ಉಡಿಯ ಸಾಮಾನು ಕಟ್ಟಿಕೊಂಡು ಊರ ಗಡಿಕಲ್ಲಿನ ಹತ್ತಿರ ಹೋಗಿ ನಿಂತಳು. ಹೊಳೆವ್ವ ಇನ್ನೂ ಕಲ್ಲು ದಾಟಿರಲಿಲ್ಲ. ಮಾಳವ್ವ ಅಕ್ಕಿ ಕೊಬ್ಬರಿ ನೀರಿಗೆ ಹಾಕಿದಳು.

"ನಾ ಇನ್ನೂ ಹೊಸ್ತಿಲ ದಾಟಿಲ್ಲ ಮಾಳವ್ವ. ಈಗಲೇ ಕಳಸ್ತೀಯೇನ?" ಅಂದಳು ಹೊಳೆವ್ವ.

"ಹೂಂ ಯವ್ವಾ, ಕಳಸ್ತೀನಿ. ಒಳಗ ಬರಬ್ಯಾಡ."

ಹೊಳೆವ್ವ ಕಲ್ಲಿನ ಬುಡದಲ್ಲಿ ಸ್ವಲ್ಪ ಹೊತ್ತು ಸುತ್ತಿದಳು. ಆಮೇಲೆ ಉಡಿ ಕಟ್ಟಿಕೊಂಡು ಬಂದ ದಾರಿಯಲ್ಲೇ ಇಳಿದು ಹೋದಳು. ಬಾಗಿಲಲ್ಲಿ ನಿಲ್ಲಿಸಿ ಕಳಿಸಿದ ಮನೆಗೆ ನನ್ನ ತಂಗಿಯನ್ನು ಯಾವ ಮುಖದಿಂದ ಕರೆಯಲಿ ಅಂತ ಗಾಳಿರಾಯನೂ ಅವಳನ್ನು ಕರೆತರುವುದನ್ನೇ ಬಿಟ್ಟ.

ಊರಿಗೆ ಮೊದಮೊದಲು ಹಿಗ್ಗೋ ಹಿಗ್ಗು. ಗೋಡೆ ಕುಸಿಯಲಿಲ್ಲ, ಬಣವೆ ತೇಲಲಿಲ್ಲ. ಮಾಳವ್ವನನ್ನು ಕಂಡರೆ ದಾರಿ ಬಿಟ್ಟು ನಿಲ್ಲುವರು.

ಆದರೆ ಹೊಳೆವ್ವ ಹಿಂದಿನ ಸಲ ಬಿಟ್ಟುಹೋದ ನೀರು ಊರ ಬೆನ್ನಿಗಿದ್ದ ಹೊಂಡದಲ್ಲೇ ಉಳಿಯಿತು. ಗುಡಿಸುವವರಿಲ್ಲ. ಜೊಂಡು ಬೆಳೆಯಿತು, ಪಾಚಿ ಬೆಳೆಯಿತು. ಆ ಹೊಂಡದಲ್ಲಿ ಒಂದು ಬಸವನಹುಳು ಇತ್ತು. ಅದಕ್ಕೆ ಓಡಲು ಕಾಲಿಲ್ಲ. ವರ್ಷ ವರ್ಷವೂ ಅದರ ಮಕ್ಕಳನ್ನು ಹೊಳೆವ್ವ ಗುಡಿಸಿಕೊಂಡು ಹೋಗುತ್ತಿದ್ದಳು. ಈಗ ಮಕ್ಕಳು ಉಳಿದವು, ಮೊಮ್ಮಕ್ಕಳೂ ಉಳಿದವು.

ಒಂದು ದಿನ ಅದು ಜೊಂಡಿನ ತುದಿಗೆ ಹತ್ತಿ, ನೀರಿಗೆ ಬಂದ ಮಾಳವ್ವನಿಗೆ, "ನಿನ್ನ ಕೂಸು ಹೋದ ದಿನ ನನ್ನವೂ ಹೋಗಿದ್ದವು. ನಿನ್ನ ಕೈಯಿಂದ ಇವು ಉಳಿದವು ತಾಯಿ," ಅಂದಿತು. ಮಾಳವ್ವನಿಗೆ ಆ ದಿನ ಎದೆ ಹಗುರಾಯಿತು. ಕೂಸು ಹೋದ ಮೇಲೆ ಅವಳು ನಕ್ಕದ್ದು ಅಂದೇ.

ಹೀಗಿರುವಾಗ ಎಲ್ಲಿಂದಲೋ ಬಂದ ಒಂದು ಬಡಕಲು ಎತ್ತು ಹೊಂಡದ ಅಂಚಿನಲ್ಲಿ ಸೀನಿ ಸಿಂಬಳ ಸುರಿಸಿ ಹೋಯಿತು. ಆ ಸಿಂಬಳದಿಂದ ಕೂದಲೆಳೆಗಿಂತ ಸಣ್ಣ ಹುಳ ನೀರಿಗೆ ಇಳಿಯಿತು. ಕತ್ತಲಾಗುವುದರೊಳಗೆ ಮನೆ ಸಿಗದಿದ್ದರೆ ಸಾಯುತ್ತೇನೆ ಅಂತ ಅಳುತ್ತ ಅದು ಬಸವನಹುಳುವಿನ ಬಾಗಿಲಿಗೆ ಬಂತು. ಒಂದು ಮೂಲೆ ಕೊಟ್ಟರೆ ಸಾಕು ಅಂದಿತು. ಮಕ್ಕಳು ಉಳಿದ ಸಂತೋಷದಲ್ಲಿದ್ದ ತಾಯಿ, ಬಾ ಅಂತ ಬಾಗಿಲು ತೆರೆಯಿತು.

ಮೂಲೆಯಲ್ಲಿ ಕೂತ ಹುಳ ಮನೆಯೆಲ್ಲ ತುಂಬಿತು. ಒಂದು ಹೋಗಿ ನೂರಾಯಿತು, ನೂರು ಹೋಗಿ ಲೆಕ್ಕವೇ ತಪ್ಪಿತು. ಬಿಸಿಲು ನೆತ್ತಿಗೆ ಬಂದಾಗ ಹಿಂಡು ಹಿಂಡಾಗಿ ಹೊರಗೆ ಈಜಿ ಬರುತ್ತಿದ್ದವು. ನೀರಲ್ಲಿ ಯಾವ ಕಾಲು ನಿಂತಿದ್ದರೂ ಅದರ ತೊಗಲು ತೂರಿ ಒಳಗೆ ಹೋಗುತ್ತಿದ್ದವು. ಹೊಂಡದಲ್ಲಿ ಆಡಿದ ಮಕ್ಕಳು ಕಾಲು ಕೆರೆದು ಕೆರೆದು ಗಾಯ ಮಾಡಿಕೊಂಡರು. ನೀರು ಕುಡಿಯಲು ಇಳಿದ ಎತ್ತುಗಳಿಗೆ ಬಂದದ್ದು ಅಷ್ಟಕ್ಕೇ ಹೋಗುವಂಥದ್ದಲ್ಲ.

ಕೆಂದ ಗೊರಕೆ ಹೊಡೆಯತೊಡಗಿದ. ಮಲಗಿದಾಗಲೂ ಗೊರಕೆ, ನಿಂತಾಗಲೂ ಗೊರಕೆ, ನೊಗ ಹೊತ್ತಾಗಲೂ ಗೊರಕೆ. ನೀರಿನ ದಾರಿಯಲ್ಲಿ ಹೆಂಗಸರಿಗೆ ನಗೆ.

"ಏನವ್ವಾ ಮಾಳವ್ವ, ನಿಮ್ಮ ಕೆಂದ ಥೇಟ್ ನಮ್ಮ ಮಾವನಂಗ ಗೊರಕಿ ಹೊಡೀತಾನಲ್ಲ. ಅವಗೂ ಒಂದು ಕೌದಿ ಹೊಚ್ಚು."

ಅವರವರ ಕೊಟ್ಟಿಗೆಯಲ್ಲೂ ಗೊರಕೆ ಕೇಳತೊಡಗಿದ ಮೇಲೆ ಯಾರೂ ನಗಲಿಲ್ಲ. ಕೆಂದನ ಮೂಗಿನಿಂದ ರಕ್ತ ಬಂತು. ಪಕ್ಕೆಲುಬು ಎದ್ದು ಕಂಡವು. ಲಗಮಪ್ಪ ಮೂಗಿಗೆ ಬೇವಿನ ಹೊಗೆ ಹಿಡಿದ, ಅರಿಸಿನ ಹಚ್ಚಿದ. ಒಂದು ಮಧ್ಯಾಹ್ನ ಕೆಂದ ಸಾಲಿನ ನಡುವೆ ಕುಸಿದ.

"ಮೂಗಿನಾಗ ಏನೋ ಬೆಳದೈತಿ ಅವ್ವಾ. ಉಸಿರು ಒಳಗ ಹೋಗವಲ್ದು," ಅಂದ ಮಾಳವ್ವನಿಗೆ. ಆಮೇಲೆ ಏಳಲಿಲ್ಲ.

ಬೂದ ಒಂಟಿಯಾದ. ಸ್ವಲ್ಪ ದಿನಕ್ಕೆ ಅವನ ಮೂಗೂ ಸದ್ದು ಮಾಡತೊಡಗಿತು.

ಮಾಳವ್ವ ಹೊಂಡಕ್ಕೆ ಹೋಗಿ, ಚಿಪ್ಪುಗಳಿಂದ ಹುಳ ಈಜಿ ಬಂದು ಎತ್ತುಗಳ ಕಾಲಿಗೆ ಮುತ್ತುವುದನ್ನು ಕಂಡು, ಬಸವನಹುಳುವನ್ನು ಕೇಳಿಕೊಂಡಳು, ಆ ಹುಳಗಳನ್ನು ಹೊರಗೆ ಹಾಕು ಅಂತ. ಬಸವನಹುಳು ಚಿಪ್ಪಿನಿಂದ ತಲೆ ಎತ್ತಲಾರದೆ ಎತ್ತಿತು. ಹಾಕಲು ಬಂದಿದ್ದರೆ ಹಾಕುತ್ತಿದ್ದೆ, ಅವು ನನ್ನನ್ನೇ ತಿಂದು ಬೆಳೆಯುತ್ತಿವೆ, ನನ್ನ ಮಕ್ಕಳ ಮನೆಗಳಲ್ಲೂ ಅವೇ ತುಂಬಿವೆ ಅಂದಿತು.

ಹೊಂಡ ಗುಡಿಸಬಲ್ಲವಳು ಲೋಕದಲ್ಲಿ ಒಬ್ಬಳೇ. ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ಕಳಿಸಿದವಳೂ ಒಬ್ಬಳೇ. ಬೂದನನ್ನಾದರೂ ಉಳಿಸಿಕೊಳ್ಳಬೇಕು ಅಂತ ಮಾಳವ್ವ ಬರಿಗಾಲಲ್ಲಿ ಹೊಳೆಗೆ ಇಳಿದಳು. ತಪ್ಪಾಯಿತು, ತವರಿಗೆ ಬಾ, ಕರೆಯಲು ಬಂದಿದ್ದೇನೆ ಅಂತ ಸೆರಗೊಡ್ಡಿದಳು.

ಹೊಳೆವ್ವ ಬೈಯಲಿಲ್ಲ. "ಬರ್ತೀನಿ. ಆದರ ಕಸಬರಿಗಿ ಹಿಡದಾಗ ನನಗ ಕಣ್ಣು ಕಾಣೂದಿಲ್ಲ. ಇದನ್ನ ಬಿಡು, ಅದನ್ನ ಒಯ್ಯಿ ಅಂತ ಹೇಳಬ್ಯಾಡ," ಅಂದಳು.

"ಹೇಳೂದಿಲ್ಲ," ಅಂದಳು ಮಾಳವ್ವ.

ಗಾಳಿರಾಯ ಮೋಡ ಎಳೆದು ತಂದ. ಊರವರು ಗಂಟುಮೂಟೆ ಹೊತ್ತು ದಿಬ್ಬ ಹತ್ತಿದರು. ಲಗಮಪ್ಪ ನಡೆಯಲಾರದ ಮುದುಕರನ್ನು ಹೊತ್ತು ಮುಂದೆ ಹೋದ. ಮಾಳವ್ವ ಬೂದನ ಹಗ್ಗ ಹಿಡಿದು ಹಿಂದೆ ಉಳಿದಳು. ಬೂದ ಒಂದು ಹೆಜ್ಜೆ ಇಡುವನು, ನಿಂತು ಉಸಿರು ಎಳೆಯುವನು. ಮತ್ತೆ ಒಂದು ಹೆಜ್ಜೆ, ಮತ್ತೆ ನಿಲ್ಲುವನು. ದಾರಿ ಹೊಂಡದ ಪಕ್ಕದಲ್ಲೇ ಇತ್ತು.

ಅಷ್ಟರಲ್ಲಿ ಹೊಳೆವ್ವ ಗಡಿಕಲ್ಲು ದಾಟಿದಳು. ಹೊಂಡದ ಜೊಂಡಿನ ತುದಿಯಿಂದ ಬಸವನಹುಳು ಕೂಗಿತು.

"ನಿನ್ನ ಎತ್ತಿಗಾಗಿ ಅವಳನ್ನ ಕರದಿ. ನನ್ನ ಮಕ್ಕಳಿಗೆ ನಾ ಯಾರನ್ನ ಕರೀಲಿ ತಾಯಿ?"

ಜೊಂಡಿನ ಎಲೆಗೆ ಅಂಟಿನಂಥ ಮೊಟ್ಟೆಗಳು ಮೆತ್ತಿಕೊಂಡಿದ್ದವು. ಮಾಳವ್ವ ಅವನ್ನು ನೋಡಿದಳು. ಆ ಮೊಟ್ಟೆಗಳಿಂದ ಏನಾಗುತ್ತದೆ ಅಂತ ಅವಳಿಗೆ ಗೊತ್ತಿತ್ತು, ಕೂಸೇ. ಗೊತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೂ ನೀರು ಮುಟ್ಟಿದ ತೊಟ್ಟಿಲನ್ನು ಒಮ್ಮೆ ನೋಡಿದವಳು ಇನ್ನೊಂದನ್ನು ನೋಡಿಕೊಂಡು ಹೇಗೆ ನಿಂತಾಳು? ಅವಳು ಬಗ್ಗಿ ಆ ಜೊಂಡನ್ನು ಬೇರು ಸಮೇತ ಕಿತ್ತು, ತಾಯಿಹುಳು, ಮೊಟ್ಟೆ, ಎಲ್ಲವನ್ನೂ ನೊರೆಯ ಮೇಲೆ ತೇಲಿಬಿಟ್ಟಳು.

ಬಗ್ಗಿದಾಗ ಕೈಯಲ್ಲಿದ್ದ ಹಗ್ಗ ಜಾರಿತು. ಬೂದನಿಗೆ ಉಸಿರು ಸಾಲಲಿಲ್ಲ. ಅವನು ನೀರಲ್ಲೇ ಮಂಡಿಯೂರಿ ಕೂತುಬಿಟ್ಟ. ಮಾಳವ್ವ ತಿರುಗಿ ನೋಡುವಷ್ಟರಲ್ಲಿ ಅವನ ಕೊಂಬಿನ ತುದಿ ಮಾತ್ರ ಕಾಣುತ್ತಿತ್ತು.

ಹೊಳೆವ್ವ ಹೊಂಡವನ್ನು ತಳ ಕಾಣುವಂತೆ ಗುಡಿಸಿದಳು. ಹಳೆಯ ಚಿಪ್ಪುಗಳು ಒಡೆದವು, ಹುಳಗಳು ಹೋದವು, ಪಾಚಿ ಹೋಯಿತು. ಊರಿನ ಮಿಕ್ಕ ಎತ್ತುಗಳು ಬದುಕಿದವು. ತೇಲಿಹೋದ ಜೊಂಡು ಮಾತ್ರ ಕೆಳಗಿನ ಊರಿನ ಹೊಂಡ ಸೇರಿತು, ಅಲ್ಲಿಂದ ಅದರ ಕೆಳಗಿನ ಊರಿಗೆ.

ಲಗಮಪ್ಪ ಮತ್ತೆ ಎತ್ತು ಕಟ್ಟಲಿಲ್ಲ. ಗುದ್ದಲಿ ಹಿಡಿದೇ ಹೊಲ ಮಾಡಿ, ಗುದ್ದಲಿ ಹಿಡಿದೇ ಮುದುಕನಾದ. ಮಾಳವ್ವ ಬದುಕಿರುವ ತನಕ ಹೊಳೆವ್ವನಿಗೆ ಉಡಿ ತುಂಬಿದಳು. ಹೊಳೆ ಇಳಿಯತೊಡಗಿದ ಮೇಲೆಯೇ, ಎಲ್ಲರಿಗಿಂತ ಕಡೆಗೆ. ಗಾಳಿರಾಯ ಇಂದಿಗೂ ಪ್ರತಿ ಮಳೆಗಾಲ ತಂಗಿಯನ್ನು ಕರೆದು ತರುತ್ತಾನೆ, ಅವಳು ಕಣ್ಣು ಮುಚ್ಚಿಕೊಂಡು ಹೊಂಡ ಗುಡಿಸುತ್ತಾಳೆ. ಬಸವನಹುಳು ಜೊಂಡಿಗೆ ಅಂಟಿಕೊಂಡು ಒಂದು ಹೊಂಡದಿಂದ ಇನ್ನೊಂದಕ್ಕೆ ತೇಲುತ್ತದೆ, ನೀರು ಆರಿದರೆ ಕೆಸರಲ್ಲಿ ಹೂತುಕೊಂಡು ಮಲಗುತ್ತದೆ. ಆ ಸಣ್ಣ ಹುಳ ಅದರ ಮನೆಯಲ್ಲಿ ಇನ್ನೂ ಮೂಲೆ ಕೇಳುತ್ತಲೇ ಇದೆ. ಎತ್ತುಗಳು ಮಾತು ಬಿಟ್ಟವು, ನೀರು ಕಂಡರೆ ಬುಸ್ಸೆಂದು ಊದಿ ನೋಡಿ ಆಮೇಲೆ ಬಾಯಿ ಹಾಕುತ್ತವೆ.

ಬೂದ ಎಲ್ಲಿ ಅಂತೀಯಾ? ತುಂಬಿದ ಹೊಳೆಯ ಸುಳಿಯಲ್ಲಿ ಗೊರ್ ಗೊರ್ ಅಂತ ಸದ್ದು ಬರುತ್ತದಲ್ಲ, ಅದು ಅವನೇ. ಮತ್ತೆ ನೀನು ಈಗ ನೋಡುತ್ತಿರುವ ಆ ಜೊಂಡು, ಅದರ ಎಲೆಗೆ ಅಂಟಿಕೊಂಡ ಮೊಟ್ಟೆ, ಅದು ಮಾಳವ್ವ ಅಂದು ತೇಲಿಬಿಟ್ಟದ್ದೇ, ಕೂಸೇ.