ಗಡಿಗೇಟಿನ ಬೈಗುಳ

ಚುನಾವಣೆ ಬಂತೆಂದರೆ ಗಡಿಗೇಟು ಮುಚ್ಚುತ್ತದೆ, ನನ್ನ ಸರಕಿನ ಲಾರಿ ನಿಲ್ಲುತ್ತದೆ. ಆ ಬಯಲಲ್ಲಿ ನಮ್ಮ ಕಾವಲುಗಾರನಿಗೆ ಮಾತಿಗೆ ಸಿಗುವವನು ಆಚೆ ದೇಶದ ಕಾವಲುಗಾರನೊಬ್ಬನೇ.

ಈ ಸಲ ಮಂತ್ರಿಗಳು ಬಂದು, "ಮತ ಎಣಿಸುವ ತನಕ ಅವನ ಜೊತೆ ಮಾತಾಡಿದರೆ ನಿನ್ನ ಕೆಲಸ ಹೋಯ್ತು" ಎಂದರು.

"ಸುಮ್ಮನಿದ್ದರೆ ಹೆದರಿದೆವು ಅಂತಾರೆ, ಬುದ್ಧಿ. ದಿನಾ ಸಂಜೆ ಬೈಯಲೇ?"

"ಬೈಯಿ. ಟಿವಿಯವರಿಗೂ ಕೇಳಿಸಲಿ."

ಅಂದು ಸಂಜೆ ಅವನು ಮುಷ್ಟಿ ಎತ್ತಿ, ಆಚೆಯವರ ಭಾಷೆಯಲ್ಲಿ ಗುಡುಗಿದ: "ಮೊಮ್ಮಗಳ ಜ್ವರ ಇಳೀತೇನೋ?"

ಆಚೆಯವನೂ ಕೋಲು ಝಳಪಿಸಿದ: "ಇಳೀತು ಕಣೋ. ನೀನು ಉಂಡ್ಯಾ?"

ಆ ಭಾಷೆ ಬಾರದ ಮಂತ್ರಿಗಳು ಭೇಷ್ ಎಂದರು.

ಅವರು ಗೆದ್ದರು. ಇನ್ನು ಹಗೆ ಬೇಕಿರಲಿಲ್ಲ. ಸ್ನೇಹದ ಒಪ್ಪಂದವಾಗಿ, ಆಚೆಯವರು ಕಾವಲನ್ನೇ ತೆಗೆದರು. ನನ್ನ ಲಾರಿಗಳಿಗೆ ಅನುಕೂಲವಾಯಿತು. ಸಂಜೆಯಾದರೆ ನಮ್ಮವನು ಈಗಲೂ ಗೇಟಿಗೆ ಹೋಗಿ, "ಉಂಡ್ಯೇನೋ?" ಎಂದು ಗದರುತ್ತಾನೆ. ತಿರುಗಿ ಬೈಯಲು ಯಾರೂ ಇಲ್ಲ.