ಅಂಚಿನಾಚೆ ಉಳಿದ ‘ಇಲ್ಲ’

ತುಂಗಭದ್ರೆಯ ದಡದ ಆಶ್ರಮವೊಂದರಲ್ಲಿ ಮುರಿಗೆಪ್ಪ ಎಂಬ ಶಿಷ್ಯನಿದ್ದ. ಆಶ್ರಮದ ವೆಬ್‌ಸೈಟ್ ಮಾಡಿದವನು ಅವನೇ. ಮೇಜಿನ ಮೇಲಿನ ದೊಡ್ಡ ಪರದೆಯಲ್ಲಿ ಅದನ್ನು ನೋಡಿದಾಗಲೆಲ್ಲ ಅವನಿಗೆ ಹಿಗ್ಗು.

ಒಂದು ಸಂಜೆ ಅಂಬಿಗನು ಫಕೀರವ್ವ ಎಂಬ ಮುದುಕಿಯನ್ನು ಕೈಹಿಡಿದು ಕರೆತಂದ. ಆಶ್ರಮದಲ್ಲಿ ಔಷಧಿಗೆಂದು ಉಳಿದಿದ್ದ ತಂಗಿಯನ್ನು ನೋಡಲು ಬಂದವಳು. ಆಚೆ ದಡದಲ್ಲಿ ದೋಣಿಗಾಗಿ ಕಾದು ಕಾದು, ಬಿಸಿಲಿಗೆ ತಲೆ ಸುತ್ತಿ ಬಿದ್ದಿದ್ದಳು.

ಮಧ್ಯಾಹ್ನ ದೋಣಿ ಇಲ್ಲವೆಂದು ವೆಬ್‌ಸೈಟಿನಲ್ಲೇ ಹಾಕಿದ್ದೇನಲ್ಲ ಎಂದ ಮುರಿಗೆಪ್ಪ. ಮುದುಕಿ ತನ್ನ ಮೊಬೈಲ್ ಚಾಚಿದಳು.

‘ಆಶ್ರಮಕ್ಕೆ ಬರುವವರಿಗೆ ಮಧ್ಯಾಹ್ನ ದೋಣಿ’ ಎಂದಷ್ಟೇ ಅದರಲ್ಲಿತ್ತು. ‘ಇಲ್ಲ’ ಎಂಬುದು ಪರದೆಯ ಅಂಚಿನಾಚೆ ಉಳಿದುಹೋಗಿತ್ತು.

ಮುರಿಗೆಪ್ಪನ ಮುಖ ಸಪ್ಪಗಾಯಿತು. ಪುಟದ ಅಂದ, ಅಳತೆಗಳನ್ನೆಲ್ಲ ಹೇಳುವ ಸಿಎಸ್‌ಎಸ್ ಕಡತ ತೆರೆದು ಆಗಲೇ ಕೂತ.

ಅಕ್ಷರ ಸಣ್ಣದು ಮಾಡಿದ. ಸಾಲು ಪೂರ್ತಿ ಪರದೆಯೊಳಗೆ ಹಿಡಿಯಿತು, ಆದರೆ ಫಕೀರವ್ವನಿಗೆ ಓದಲಾಗಲಿಲ್ಲ. ದೊಡ್ಡದು ಮಾಡಿದ, ‘ಇಲ್ಲ’ ಮತ್ತೆ ಮಾಯವಾಯಿತು. ಅವಳ ಮೊಬೈಲಿಗೆಂದೇ ಒಂದು ಅಳತೆ ಬರೆದರೆ ಅಂಬಿಗನ ಮೊಬೈಲಿನಲ್ಲಿ ಕೆಟ್ಟಿತು. ಅದಕ್ಕೊಂದು ಬರೆದ. ನಿಯಮದ ಮೇಲೆ ನಿಯಮ ಬಿತ್ತು. ಯಾವುದು ಯಾವುದನ್ನು ತಡೆಯುತ್ತಿದೆ ಎಂದೇ ತಿಳಿಯದೆ ತಲೆಯ ಮೇಲೆ ಕೈಹೊತ್ತು ಕೂತ.

ಗುರು ನಿರಂಜನಜ್ಜ ಬಂದು ಪಕ್ಕದಲ್ಲಿ ನಿಂತರು.

“ಎಲ್ಲಕ್ಕೂ ಮೊದಲು ಏನು ಬರೆದೆ?”

“ಪುಟ ಇಷ್ಟೇ ಅಗಲ ಇರಬೇಕು, ಅದನ್ನು ಮೀರಿದ್ದು ಕಾಣಬಾರದು ಅಂತ, ಅಜ್ಜಾರೇ.”

“ಯಾವ ಅಗಲ?”

“ನನ್ನ ಪರದೆಯದು.”

“ಅಳಿಸು. ಆಮೇಲೆ ಬರೆದ ಅಳತೆಗಳನ್ನೂ ಅಳಿಸು.”

ಇದ್ದದ್ದೂ ಹೋಗುತ್ತದಲ್ಲ ಎಂದು ಹೆದರುತ್ತಲೇ ಅಳಿಸಿದ. ಮುದುಕಿಯ ಮೊಬೈಲಿನಲ್ಲಿ ಸಾಲು ತಾನಾಗಿ ಮುರಿದು ಕೆಳಗಿಳಿಯಿತು. ‘ದೋಣಿ ಇಲ್ಲ’ ಎಂಬುದು ಸ್ಪಷ್ಟವಾಗಿ ಕಂಡಿತು.

ಅಜ್ಜ ಮೊಬೈಲನ್ನು ಅಡ್ಡ ತಿರುಗಿಸಿದರು. ಎರಡು ಸಾಲು ಒಂದಾಯಿತು. ನೆಟ್ಟಗೆ ಹಿಡಿದರು. ಮತ್ತೆ ಎರಡಾಯಿತು.

ಮುರಿಗೆಪ್ಪನ ಗೊಂದಲ ಇನ್ನೂ ಹೆಚ್ಚಿತು. ತಾನು ಹೊಸದಾಗಿ ಏನೂ ಬರೆದಿರಲಿಲ್ಲ. ಹೊಂದಿಸಿದವರು ಯಾರು?

ಫಕೀರವ್ವ ಮೊಬೈಲ್ ಇಸಿದುಕೊಂಡು ತಂಗಿಯ ಕೋಣೆಯ ಕಡೆ ನಡೆದಳು. ಅವಳು ಮರೆಯಾಗುವವರೆಗೂ ಅವನು ನೋಡುತ್ತಿದ್ದ.

“ಹಾಗಾದರೆ ಇನ್ನು ಮುಂದೆ ಅಗಲ ಎಷ್ಟು ಅಂತ ಬರೆಯಲಿ, ಅಜ್ಜಾರೇ?”

“ನಾಳೆ ಯಾರು ಬರುತ್ತಾರೆ?”

“ಗೊತ್ತಿಲ್ಲ.”

“ಬಂದವರ ಕೈಯ ಪರದೆಯನ್ನು ಕೇಳು.”