ಹೊಳೆಯ ಸುದ್ದಿ ಕೇಳಿದ ಉಪ್ಪಿನ ವ್ಯಾಪಾರಿ

ಭಿಕ್ಷೆ ಮುಗಿಸಿ ಬಂದ ಚೆನ್ನವೀರ ತುಂಬಿದ ಜೋಳಿಗೆಯನ್ನು ಗುರುಗಳ ಮುಂದಿಟ್ಟು ಕೇಳಿದ:

"ಬುದ್ಧಿ, ಬಾಗಿಲಲ್ಲಿ ನಿಂತು ಬರಿದೇ ಭಿಕ್ಷೆ ಕೇಳಿದರೆ ಹಿಡಿ ಅಕ್ಕಿ ಹಾಕುತ್ತಾರೆ. ಮೊದಲು ಕುಶಲ ವಿಚಾರಿಸಿ, ನಾಲ್ಕು ಮಾತಾಡಿಸಿ, ಮನಸ್ಸು ಮೆತ್ತಗಾದದ್ದು ನೋಡಿಕೊಂಡು ಕೇಳಿದರೆ ಮೊರ ತುಂಬ ತರುತ್ತಾರೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಬಡತನವೂ ಇಲ್ಲವೆಂದು ನನಗೆ ಕಂಡಿದೆ. ಜೊತೆಯವರು ಇದು ಸಲ್ಲದು ಅನ್ನುತ್ತಾರೆ. ನಾನು ಕೇಳುವುದು ಮಠದ ದಾಸೋಹಕ್ಕೆ ತಾನೇ? ಇದರಲ್ಲಿ ತಪ್ಪೇನು?"

ಗುರುಗಳು ಜೋಳಿಗೆಯನ್ನು ಒಂದು ಕೈಯಲ್ಲಿ ಎತ್ತಿ ನೋಡಿದರು. "ಭಾರವಾಗಿಯೇ ಇದೆ" ಎಂದು ನಕ್ಕು, ಅವನನ್ನು ಕೂರಿಸಿ ಈ ಕತೆ ಹೇಳಿದರು.

ಒಬ್ಬ ಉಪ್ಪಿನ ವ್ಯಾಪಾರಿಯಿದ್ದ. ವರ್ಷವೆಲ್ಲ ತಕ್ಕಡಿ ಬಿಟ್ಟು ಬೇರೇನನ್ನೂ ಮುಟ್ಟದವನು ದೀಪಾವಳಿಯ ಪಾಡ್ಯದಂದು ಮಾತ್ರ ಚಾವಡಿಯಲ್ಲಿ ಇಸ್ಪೀಟಿಗೆ ಕೂರುತ್ತಿದ್ದ. ಆ ದಿನ ಆಡಿದರೆ ಲಕ್ಷ್ಮಿ ಒಲಿಯುತ್ತಾಳೆಂದು ಆ ಊರವರ ನಂಬಿಕೆ. ಆಡುತ್ತಿದ್ದುದು ಮೂರೆಲೆ ಆಟ. ಕೈಗೆ ಬಂದ ಮೂರು ಎಲೆಗಳನ್ನು ಯಾರಿಗೂ ತೋರಿಸದೆ ಪಣ ಏರಿಸುತ್ತ ಹೋಗಬೇಕು. ಹೆದರಿದವನು ಎಲೆ ಚೆಲ್ಲಿ ಏಳಬೇಕು.

ವ್ಯಾಪಾರಿ ಯಾವ ವರ್ಷವೂ ಸೋತವನಲ್ಲ. ಊರವರು ಅದನ್ನು ಅವನ ಕೈಗುಣ ಎನ್ನುತ್ತಿದ್ದರು. ಕೈಗುಣವೂ ಅಲ್ಲ, ಕಾಲ್ಗುಣವೂ ಅಲ್ಲ. ಎಲ್ಲ ಬಾಯಿಯ ಗುಣ. ಪಣ ಏರುವ ಹೊತ್ತಿಗೆ ಸರಿಯಾಗಿ ಅವನು ಎದುರಿನವನನ್ನು ಅಕ್ಕರೆಯಿಂದ ಮಾತಾಡಿಸುತ್ತಿದ್ದ. ಎಮ್ಮೆ ಈದಿತೇ ಎನ್ನುತ್ತಿದ್ದ. ತಾಯಿಯ ಕೆಮ್ಮು ಹೇಗಿದೆ ಎನ್ನುತ್ತಿದ್ದ. ಒಳ್ಳೆಯ ಎಲೆ ಬಂದವನ ಮನಸ್ಸೆಲ್ಲ ಎಲೆಯ ಮೇಲೆ. ಅವನು "ಹೂಂ" ಎಂದು ಬಾಯಿ ಮುಚ್ಚುತ್ತಿದ್ದ. ಕೆಟ್ಟ ಎಲೆ ಬಂದವನು ಸದ್ಯ ಮಾತು ಸಿಕ್ಕಿತಲ್ಲ ಎಂದು ಎಮ್ಮೆಯ ಕತೆಯನ್ನು ಕೊಂಬಿನಿಂದ ಬಾಲದವರೆಗೂ ಹೇಳುತ್ತಿದ್ದ. ವ್ಯಾಪಾರಿ ಉತ್ತರದ ಉದ್ದವನ್ನು ಅಳೆಯುತ್ತಿದ್ದ, ಅಷ್ಟೆ. ಈದದ್ದು ಹೆಣ್ಣುಕರುವೋ ಗಂಡುಕರುವೋ ಅವನಿಗೆ ಬೇಕಿರಲಿಲ್ಲ.

ಒಂದು ಪಾಡ್ಯದ ಮಧ್ಯಾಹ್ನ ಪರ ಊರಿನ ಗಾಡಿಯವನೊಬ್ಬ ಬಂದು ಆಟಕ್ಕೆ ಕೂತ. ಉಳಿದವರೆಲ್ಲ ಎಲೆ ಚೆಲ್ಲಿ ಗೋಪೂಜೆಗೆಂದು ಮನೆಗೆ ಹೋದರು. ಇಬ್ಬರೇ ಉಳಿದರು. ಗಾಡಿಯವನು ತನ್ನ ಹೊಸ ಕಂಬಳಿಯನ್ನೇ ಪಣಕ್ಕಿಟ್ಟ. ವ್ಯಾಪಾರಿ ಒಂದು ಚೀಲ ಉಪ್ಪು ಇಟ್ಟ. ಇಟ್ಟು, ಎಂದಿನಂತೆ ಮೆಲ್ಲಗೆ ಕೇಳಿದ:

"ಏನಪ್ಪಾ, ಹೊಳೆ ಕಡೆಯಿಂದ ಬಂದೆಯಂತೆ. ದಾರಿ ಹೇಗಿದೆ?"

"ಏನು ಕೇಳ್ತೀರಿ ಶೆಟ್ಟರೆ! ದಾಟೋಣ ಅಂತ ಹೋದೆ, ಎತ್ತು ನೀರಿಗೆ ಕಾಲೇ ಇಡಲಿಲ್ಲ. ಎಷ್ಟು ಗದರಿದರೂ ಇಲ್ಲ. ಇಳಿದು ಕೋಲಿಟ್ಟು ನೋಡ್ತೀನಿ, ಇಡೀ ಕೋಲೇ ಒಳಗೆ ಹೋಯ್ತು. ಗಾಡಿ ದಾಟೋ ಜಾಗದಲ್ಲೇ ಮರಳು ಕೊಚ್ಚಿಕೊಂಡು ಹೋಗಿ ಗುಂಡಿ ಬಿದ್ದಿದೆ. ಮೇಲೆ ನೋಡಿದರೆ ನೀರು ತಣ್ಣಗೆ ಹರೀತಿದೆ, ಏನೂ ಗೊತ್ತಾಗಲ್ಲ. ಭಾರದ ಗಾಡಿ ಇಳೀತೋ, ಮುಗೀತು. ಎತ್ತಿಗೆ ಇದ್ದ ಬುದ್ಧಿ ನನಗಿರಲಿಲ್ಲ ನೋಡಿ. ತಿರುಗಿ ಬಂದೆ."

ಇಷ್ಟುದ್ದ ಮಾತಾಡಿದವನ ಕೈಯಲ್ಲಿ ಏನಿದ್ದೀತು ಎಂದುಕೊಂಡ ವ್ಯಾಪಾರಿ. ಇನ್ನೂ ಎರಡು ಚೀಲ ಪಣಕ್ಕಿಟ್ಟ. ಗಾಡಿಯವನು ತಲೆ ಕೆರೆದುಕೊಂಡು ಎಲೆ ಚೆಲ್ಲಿದ. ನಿಜವಾಗಿಯೂ ಅವನ ಕೈಯಲ್ಲಿ ಏನೂ ಇರಲಿಲ್ಲ. ಲೆಕ್ಕ ಒಂದಿಷ್ಟೂ ತಪ್ಪಿರಲಿಲ್ಲ. ಗಾಡಿಯವನು ಎದ್ದು ತನ್ನ ಊರಿನ ದಾರಿ ಹಿಡಿದ.

ಗೆದ್ದ ಖುಷಿಯಲ್ಲಿ ವ್ಯಾಪಾರಿ ಎಲೆ ಜೋಡಿಸುತ್ತಿರುವಾಗ ಅವನ ತಮ್ಮ ಬಂದ. ಮರುದಿನ ಆಚೆ ದಡದ ಊರಿನಲ್ಲಿ ಸಂತೆ. ಉಪ್ಪಿನ ಗಾಡಿ ಕಟ್ಟಿ ನಿಲ್ಲಿಸಿದ್ದ.

"ಅಣ್ಣಾ, ಹೊರಡಲೇ?"

ತಮ್ಮನೆಂದರೆ ವ್ಯಾಪಾರಿಗೆ ಪ್ರಾಣ. ತಾಯಿ ಸತ್ತ ಮೇಲೆ ತಾನೇ ಉಣಿಸಿ ಬೆಳೆಸಿದ ಹುಡುಗ. ಗೆದ್ದ ಕಂಬಳಿಯನ್ನು ಅವನ ಹೆಗಲಿಗೆ ಹೊದಿಸಿ, "ಚಳಿಯಿದೆ, ಜೋಪಾನ. ಹೋಗಿ ಬಾ" ಎಂದ.

ಆ ರಾತ್ರಿಯೇ ತಮ್ಮನನ್ನು ನಾಲ್ಕು ಜನ ಹೊತ್ತು ತಂದರು. ಎತ್ತುಗಳು ಹೋಗಿದ್ದವು, ಉಪ್ಪು ಹೊಳೆಯ ಪಾಲಾಗಿತ್ತು, ಗಾಡಿಯ ಅಡಿಗೆ ಸಿಕ್ಕಿದ ಕಾಲು ಜಜ್ಜಿಹೋಗಿತ್ತು. ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಕಣ್ಣು ಬಿಟ್ಟ ಕೂಡಲೇ ತಮ್ಮ ಕೇಳಿದ್ದು ಒಂದೇ ಮಾತು: "ಅಲ್ಲಿ ಗುಂಡಿ ಬಿದ್ದದ್ದು ಈ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲವೇ ಅಣ್ಣಾ?"

ಆಗ ಗಾಡಿಯವನ ಮಾತು ವ್ಯಾಪಾರಿಯ ಕಿವಿಗೆ ಒಂದೊಂದಾಗಿ ಬಿತ್ತು. ಎತ್ತು ಕಾಲಿಡದೆ ನಿಂತದ್ದು, ಕೋಲು ಒಳಗೆ ಹೋದದ್ದು, ಎಲ್ಲ. ಕೇಳಿದವನೂ ತಾನೇ, ಹೇಳಿಸಿಕೊಂಡವನೂ ತಾನೇ. ಅವನು ತಮ್ಮನ ಕಾಲ ಬಳಿ ಕುಸಿದು ಗೋಳೋ ಎಂದು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ಆ ತಮ್ಮನ ಮೇಲೆ ಮರುಕ ಹುಟ್ಟಿತ್ತು. ಆದರೂ ತನ್ನ ಪ್ರಶ್ನೆಗೂ ಈ ಕತೆಗೂ ಸಂಬಂಧ ಕಾಣಲಿಲ್ಲ.

"ಜೂಜಿನವನ ಮಾತು ಬೇರೆ, ಬುದ್ಧಿ. ನಾನು ಯಾರನ್ನೂ ಸೋಲಿಸಲು ಕುಶಲ ಕೇಳುವುದಿಲ್ಲವಲ್ಲ."

"ಸರಿ ಹಾಗಾದರೆ," ಎಂದರು ಗುರುಗಳು. "ಈ ಬೆಳಿಗ್ಗೆ ನೀನು ಮೊದಲು ಕುಶಲ ಕೇಳಿದ ಮನೆಯಾಕೆ ಏನೆಂದಳಪ್ಪಾ?"

ಆಕೆ ಮೊರ ತುಂಬ ಅಕ್ಕಿ ತಂದದ್ದು ಚೆನ್ನವೀರನಿಗೆ ನೆನಪಿತ್ತು, ಆಡಿದ ಮಾತು ಒಂದೂ ನೆನಪಿರಲಿಲ್ಲ.